ಬಾತುಕೋಳಿ ಮರಿ ಗಂಡೋ ಹೆಣ್ಣೋ? ಐದು ವಾರ ಆಗಿದೆ, ಹೇಗೆ ಗೊತ್ತಾಗುತ್ತದೆ?

ತೋಟದಮನೆ ಸಕಲೇಶಪುರ · ಜೂನ್ 10

ಎಲ್ಲರಿಗೂ ನಮಸ್ಕಾರ. ನಾಟಿ ಕೋಳಿ ಸಾಕಿ ಅಭ್ಯಾಸ ಇದೆ, ಬಾತು ಮಾತ್ರ ನಮಗೆ ಹೊಸದು. ಕಳೆದ ತಿಂಗಳು ಸಂತೆಯಿಂದ ಎರಡು ಮರಿ ತಂದೆವು. ಒಂದು ಪೂರ್ತಿ ಹಳದಿ ಇತ್ತು, ಈಗ ಬಿಳಿ ಗರಿ ಬರುತ್ತಿದೆ. ಇನ್ನೊಂದು ಕಂದು, ಖಾಕಿ ಕ್ಯಾಂಪ್‌ಬೆಲ್ ಅಂದರು. "ಜೋಡಿ ಅಣ್ಣಾ, ಒಂದು ಗಂಡು, ಒಂದು ಹೆಣ್ಣು" ಅಂತ ಮಾರಿದವನು ಹೇಳಿದ. ಯಾವುದು ಗಂಡು ಅಂದರೆ ನಕ್ಕು ಮುಂದಿನ ಗಿರಾಕಿ ಕಡೆ ತಿರುಗಿದ.

ಈಗ ಎರಡಕ್ಕೂ ಹೆಚ್ಚುಕಡಿಮೆ ಐದು ವಾರ. ಬಿಳಿಯದು ದಪ್ಪ, ನಿಧಾನ. ಕಂದು ಬಣ್ಣದ್ದು ಸಣ್ಣ, ಆದರೆ ಜೋರು. ತಟ್ಟೆ ಇಟ್ಟ ಕೂಡಲೇ ಬಿಳಿಯದನ್ನು ಕೊಕ್ಕಿನಿಂದ ಕುಟ್ಟಿ ಓಡಿಸುತ್ತದೆ. ಹಾಗಾಗಿ ಮನೆಯಲ್ಲಿ ಎರಡು ಪಕ್ಷ ಆಗಿದೆ. ನಮ್ಮಪ್ಪ ದಪ್ಪಗಿರುವುದೇ ಗಂಡು ಅನ್ನುತ್ತಾರೆ, ಮಕ್ಕಳು ಜಗಳಗಂಟಿಯೇ ಗಂಡು ಅನ್ನುತ್ತಾರೆ.

ಕೇಳುವುದಕ್ಕೆ ಕಾರಣ ಇದೆ. ಕಾಫಿ ತೋಟದಲ್ಲಿ ಶಂಖದ ಹುಳು ಜಾಸ್ತಿ, ತಿನ್ನಲಿ ಅಂತ ಬಾತು ತಂದಿದ್ದು. ಜೊತೆಗೆ ಮೊಟ್ಟೆಯೂ ಸಿಕ್ಕರೆ ಒಳ್ಳೆಯದು. ಎರಡೂ ಗಂಡಾಗಿದ್ದರೆ ಹೊಡೆದಾಡುತ್ತವಾ? ಇನ್ನೂ ಒಂದೆರಡು ತರಬೇಕಾ? ಗೊತ್ತಿದ್ದವರು ಹೇಳಿ. ಫೋಟೋ ಹಾಕಿದ್ದೇನೆ, ಕೆಸರು ಮೆತ್ತಿಕೊಂಡಿದ್ದಕ್ಕೆ ಕ್ಷಮೆ ಇರಲಿ.

---

ಹಿತ್ತಲ ಹೇಂಟೆ · ಜೂನ್ 10

ಫೋಟೋ ನೋಡಿ ಐದು ವಾರದ ಬಾತಿನ ಲಿಂಗ ಹೇಳುವವರು ಯಾರಾದರೂ ಇದ್ದರೆ ಅವರು ಊಹೆ ಮಾಡುತ್ತಿದ್ದಾರೆ ಅಂತಲೇ ಅರ್ಥ. ಗಾತ್ರ ನೋಡಬೇಡಿ. ನಿಮ್ಮ ಬಿಳಿಯದು ಪೆಕಿನ್ ತಳಿ ಇದ್ದ ಹಾಗಿದೆ, ಅದು ಮಾಂಸದ ತಳಿ, ಹೆಣ್ಣಾದರೂ ದಪ್ಪವೇ. ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆ ತಳಿ, ಗಂಡಾದರೂ ತೆಳ್ಳಗೆ. ಎರಡು ಬೇರೆ ತಳಿಯನ್ನು ಪಕ್ಕ ಪಕ್ಕ ನಿಲ್ಲಿಸಿ ದಪ್ಪ ತೆಳು ನೋಡಿ ಏನೂ ಸಿಗಲ್ಲ. ಊಟದ ತಟ್ಟೆ ಮುಂದಿನ ಜಗಳವೂ ಅಷ್ಟೇ. ನಮ್ಮಲ್ಲಿ ಎಲ್ಲರನ್ನೂ ಓಡಿಸುವವಳು ಒಂದು ಹೆಣ್ಣು.

ಕಿವಿ ಕೊಟ್ಟು ಕೇಳಿ, ಅದೇ ದಾರಿ. ಈಗ ಎರಡೂ ಪೀ ಪೀ ಅನ್ನುತ್ತಿರಬೇಕು. ಆರರಿಂದ ಎಂಟು ವಾರದ ಹೊತ್ತಿಗೆ ಧ್ವನಿ ಒಡೆಯುತ್ತದೆ. ಹೆಣ್ಣಾದರೆ ಎದೆ ತುಂಬಿದ "ಕ್ವಾಕ್ ಕ್ವಾಕ್", ಪಕ್ಕದ ಮನೆಗೂ ಕೇಳುವಷ್ಟು. ಗಂಡಿನದು ಜಾತ್ರೆಯಲ್ಲಿ ಕೂಗಿ ಗಂಟಲು ಕಟ್ಟಿದವರ ಪಿಸುಮಾತಿನ ಹಾಗೆ, "ವ್ರೇಬ್ ವ್ರೇಬ್" ಅಂತ ಗೊಗ್ಗರು.

ಪರೀಕ್ಷೆ ಮಾಡುವ ರೀತಿ: ಒಂದನ್ನು ಇನ್ನೊಂದಕ್ಕೆ ಕಾಣದ ಹಾಗೆ ಗೋಡೆಯ ಆ ಕಡೆ ಒಯ್ಯಿರಿ. ಬಾತಿಗೆ ಒಂಟಿಯಾಗುವುದು ಅಂದರೆ ಆಗಲ್ಲ, ತಕ್ಷಣ ಕೂಗುತ್ತದೆ. ಆಗ ಕೇಳಿ. ಎತ್ತುವಾಗ ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಕೈಯಿಂದ ರೆಕ್ಕೆ ಒತ್ತಿ ಹಿಡಿಯಿರಿ. ಕೋಳಿ ಎತ್ತುವ ಹಾಗೆ ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ. ಬಾತಿನ ಕಾಲು ಬೇಗ ಉಳುಕುತ್ತದೆ.

---

ಟೆರೇಸ್ ರೈತ ಬೆಂಗಳೂರು · ಜೂನ್ 11

ಇಷ್ಟೆಲ್ಲ ಯಾಕೆ ಸಾರ್? ಬಾಲ ನೋಡಿ ಸಾಕು. ಗಂಡಿಗೆ ಬಾಲದ ಮೇಲೆ ಎರಡು ಮೂರು ಗರಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿರುತ್ತವೆ. ಹೆಣ್ಣಿಗೆ ಇರಲ್ಲ. ನನ್ನ ಹತ್ತಿರ ಬಿಳಿ ಬಾತು ಮೂರು ಇವೆ, ಒಂಬತ್ತು ವಾರ. ಒಂದಕ್ಕೂ ಸುರುಳಿ ಇಲ್ಲ, ಮೂರೂ ಹೆಣ್ಣು. ಒಳ್ಳೆ ಗುಣದವು, ಸದ್ದೇ ಮಾಡಲ್ಲ. ಟೆರೇಸಿನಲ್ಲಿ ಇಟ್ಟಿದ್ದರೂ ಕೆಳಗಿನ ಮನೆಯವರು ಇವತ್ತಿನವರೆಗೂ ಒಂದು ಮಾತು ಆಡಿಲ್ಲ.

---

ಹಿತ್ತಲ ಹೇಂಟೆ · ಜೂನ್ 11

ಟೆರೇಸ್ ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತು ವಾರದ ಮೂರು ಹೆಣ್ಣು ಬಾತು ಸದ್ದು ಮಾಡಲ್ಲ ಅಂದರೆ ನಂಬೋದು ಕಷ್ಟ. ಸುರುಳಿ ಗರಿ ಬರುವುದು ಮೊದಲ ಗರಿ ಉದುರಿ ದೊಡ್ಡವರ ಗರಿ ಬಂದ ಮೇಲೆ, ಸುಮಾರು ಮೂರೂವರೆ ನಾಲ್ಕು ತಿಂಗಳಿಗೆ. ಸುರುಳಿ ಇದ್ದರೆ ಗಂಡು, ಇದು ಸರಿ. ಸುರುಳಿ ಇಲ್ಲದಿದ್ದರೆ ಹೆಣ್ಣು, ಇದು ಸರಿಯಲ್ಲ. ವಯಸ್ಸಿಗೆ ಬಂದ ಗಂಡಿಗೂ ವರ್ಷಕ್ಕೊಮ್ಮೆ ಗರಿ ಉದುರುವಾಗ ಆ ಸುರುಳಿ ಬಿದ್ದು ಹೋಗುತ್ತದೆ. ಮಕ್ಕಳು ಕಿತ್ತು ಪುಸ್ತಕದಲ್ಲಿ ಇಟ್ಟುಕೊಂಡರೂ ಅಷ್ಟೇ.

ಇವತ್ತು ಸಂಜೆ ಒಂದನ್ನು ಕೆಳಗೆ ತಂದು, ಅದು ಕೂಗುವಾಗ ರೆಕಾರ್ಡ್ ಮಾಡಿ ಹಾಕಿ.

---

ಮೈಸೂರು ಮೊಮ್ಮಗ · ಜೂನ್ 11

ನಮ್ಮಜ್ಜಿ ಮೊಟ್ಟೆಯಲ್ಲೇ ಹೇಳುತ್ತಿದ್ದರು. ಚೂಪು ತುದಿ ಇದ್ದರೆ ಗಂಡು, ಗುಂಡಗಿದ್ದರೆ ಹೆಣ್ಣು. ಮರಿ ಆದ ಮೇಲೆ ದಾರಕ್ಕೆ ಉಂಗುರ ಕಟ್ಟಿ ಮೇಲೆ ಹಿಡಿಯುವುದು, ಸುತ್ತಿದರೆ ಹೆಣ್ಣು, ಅತ್ತಿತ್ತ ಆಡಿದರೆ ಗಂಡು. ಕತ್ತಿನ ಹಿಂದೆ ಹಿಡಿದು ಎತ್ತಿದಾಗ ಕಾಲು ಮಡಚಿದರೆ ಒಂದು, ಇಳಿಬಿಟ್ಟರೆ ಇನ್ನೊಂದು ಅಂತಲೂ ಇತ್ತು. ಯಾವುದು ಯಾವುದೋ ಮರೆತಿದ್ದೇನೆ. ಯಾರಿಗಾದರೂ ನೆನಪಿದ್ದರೆ ಹೇಳಿ.

---

ಪಶುವೈದ್ಯೆ ಹಾಸನ · ಜೂನ್ 12

ಕತ್ತು ಹಿಡಿದು ಎತ್ತುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಉಂಗುರ ಬೇಕಾದರೆ ಆಡಿಸಿ, ಮರಿಗೆ ನೋವಾಗಲ್ಲ. ಎರಡರಲ್ಲಿ ಒಂದು ಉತ್ತರ ಆದ್ದರಿಂದ ಅರ್ಧದಷ್ಟು ಸಲ ಸರಿಯೂ ಆಗುತ್ತದೆ. ಅಜ್ಜಿಯಂದಿರ ಹೆಸರು ಉಳಿದಿದ್ದು ಹಾಗೇ. ಮೊಟ್ಟೆಯ ಆಕಾರಕ್ಕೂ ಒಳಗಿನ ಮರಿಗೂ ಸಂಬಂಧ ಇಲ್ಲ. ಹಕ್ಕಿಗಳಲ್ಲಿ ಮರಿಯ ಲಿಂಗ ತಾಯಿಯಿಂದ ನಿರ್ಧಾರ ಆಗುತ್ತದೆ. ಗಂಡಿಗೆ ಎರಡು ಝಡ್ ವರ್ಣತಂತು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಮೊಟ್ಟೆ ಆಕಾರ ಪಡೆಯುವ ಮೊದಲೇ ಆ ತೀರ್ಮಾನ ಮುಗಿದಿರುತ್ತದೆ. ಶಾಖ ಹೆಚ್ಚು ಕಡಿಮೆ ಮಾಡಿ ಹೆಣ್ಣು ಮರಿ ಮಾಡಿಸಬಹುದು ಅನ್ನುವುದೂ ಬಾತಿಗೆ ಅನ್ವಯಿಸಲ್ಲ.

ಈಗ ಧ್ವನಿ ವಿಷಯ. ಹಿತ್ತಲ ಹೇಂಟೆಯವರು ಹೇಳಿದ್ದು ಸರಿ, ಕಾರಣ ಸೇರಿಸುತ್ತೇನೆ. ಹಕ್ಕಿಯ ಧ್ವನಿಪೆಟ್ಟಿಗೆ ನಮ್ಮ ಹಾಗೆ ಗಂಟಲಲ್ಲಿ ಇಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ, ಎದೆಯೊಳಗೆ ಇರುತ್ತದೆ. ಗಂಡು ಬಾತಿನಲ್ಲಿ ಆ ಜಾಗದ ಎಡಬದಿಗೆ ಎಲುಬಿನ ಒಂದು ಪೊಳ್ಳು ಗುಳ್ಳೆ ಇರುತ್ತದೆ. ಹೆಣ್ಣಿಗೆ ಇರಲ್ಲ. ಗಂಡಿನ ಗೊಗ್ಗರು ಧ್ವನಿಗೂ ಇದಕ್ಕೂ ನಂಟಿದೆ. ಇದು ಮರಿ ಮೊಟ್ಟೆಯೊಳಗೆ ಇರುವಾಗಲೇ ರೂಪ ಆಗಿರುತ್ತದೆ, ಆಮೇಲೆ ಬದಲಾಗಲ್ಲ. ಗರಿ ಉದುರುತ್ತದೆ, ಬಣ್ಣ ಮಾಸುತ್ತದೆ, ಎಲುಬು ಎಲ್ಲಿಗೂ ಹೋಗಲ್ಲ. ಧ್ವನಿಯನ್ನು ನಂಬಿ ಅನ್ನುವುದು ಇದಕ್ಕೇ. "ಬಾತಿಗೆ ಶೀತ ಆಗಿ ಧ್ವನಿ ಬಿದ್ದುಹೋಗಿದೆ, ಔಷಧಿ ಕೊಡಿ" ಅಂತ ಫೋನ್ ಬರುವುದುಂಟು. ಮೂಗಲ್ಲಿ ನೀರಿಲ್ಲ, ತಿಂಡಿ ತಿನ್ನುತ್ತಿದೆ, ವಯಸ್ಸು ಏಳು ಎಂಟು ವಾರ ಅಂದರೆ ನಾನು ಹೇಳುವುದು ಒಂದೇ: ಗಂಡು, ಔಷಧಿ ಬೇಡ.

ಒಂದು ದಿನದ ಮರಿಯಲ್ಲೂ ನೋಡುವ ವಿಧಾನ ಇದೆ. ಬಾಲದ ಕೆಳಗಿನ ದ್ವಾರವನ್ನು ಮೆಲ್ಲಗೆ ಹೊರಳಿಸಿದರೆ ಗಂಡಿನ ಅಂಗ ಸಣ್ಣ ಮೊಳೆಯ ಹಾಗೆ ಕಾಣುತ್ತದೆ. ಹೆಚ್ಚಿನ ಹಕ್ಕಿಗಳಿಗೆ ಆ ಅಂಗವೇ ಇಲ್ಲ, ಬಾತಿನ ಕುಲಕ್ಕೆ ಇದೆ, ಹಾಗಾಗಿ ಕೋಳಿಮರಿಗಿಂತ ಬಾತಿನ ಮರಿಯಲ್ಲಿ ನೋಡುವುದು ಸುಲಭ. ಆದರೆ ಇದು ಕಲಿತ ಕೈಗೆ ಮಾತ್ರ. ಹೊಟ್ಟೆ ಜಾಸ್ತಿ ಒತ್ತಿದರೆ ಒಳಗಿನ ಹಳದಿ ಚೀಲ ಒಡೆದು ಮರಿ ಸಾಯಬಹುದು. ವಿಡಿಯೋ ನೋಡಿ ಕಲಿಯುವ ಕೆಲಸ ಅಲ್ಲ. ಎರಡು ಮೂರು ವಾರ ಕಾದರೆ ಬಿಟ್ಟಿಯಾಗಿ ಸಿಗುವ ಉತ್ತರಕ್ಕೆ ಇಷ್ಟು ಅಪಾಯ ಯಾಕೆ?

ತೀರಾ ತುರ್ತು ಇದ್ದರೆ ಡಿಎನ್‌ಎ ಪರೀಕ್ಷೆ. ಎದೆಯಿಂದ ನಾಲ್ಕೈದು ಗರಿ ಬುಡಸಮೇತ ಕಿತ್ತು ಲ್ಯಾಬಿಗೆ ಕಳಿಸುವುದು. ನೆಲಕ್ಕೆ ಬಿದ್ದ ಗರಿ ಆಗಲ್ಲ, ಬುಡದಲ್ಲಿ ಜೀವಕೋಶ ಇರಬೇಕು. ಗಿಳಿ ಸಾಕುವವರು ಮಾಡಿಸುತ್ತಾರೆ. ಎರಡು ಬಾತಿಗೆ ನಾನಂತೂ ಮಾಡಿಸಲ್ಲ.

---

ತೋಟದಮನೆ ಸಕಲೇಶಪುರ · ಜೂನ್ 12

ಡಾಕ್ಟ್ರೇ, ತುಂಬಾ ಉಪಕಾರ. ಹೇಂಟೆಯವರಿಗೂ. ಕಾಯುತ್ತೇವೆ. ಒಂದು ಸಂಶಯ: ಕಂದು ಬಣ್ಣದ್ದರಲ್ಲಿ ಬಣ್ಣದಿಂದಲೂ ಗೊತ್ತಾಗುತ್ತದೆ ಅಂತ ಕೇಳಿದ್ದೆ. ಅದು ಯಾವಾಗ?

---

ಗಂಗಾವತಿ ಗದ್ದೆ · ಜೂನ್ 13

ಖಾಕಿ ಕ್ಯಾಂಪ್‌ಬೆಲ್ ಅಲ್ವಾ, ನಾನು ಹೇಳುತ್ತೇನೆ. ಮೂರು ನಾಲ್ಕು ತಿಂಗಳಿಗೆ ಗಂಡಿನ ತಲೆ, ಕುತ್ತಿಗೆ, ಬಾಲದ ಬುಡ ಹಳೆ ಕಂಚಿನ ಬಣ್ಣಕ್ಕೆ ತಿರುಗುತ್ತವೆ. ಕೊಕ್ಕು ಹಸಿರು. ಕಾಲು ಕಿತ್ತಳೆ. ಹೆಣ್ಣು ತಲೆಯಿಂದ ಬಾಲದವರೆಗೆ ಒಂದೇ ಖಾಕಿ, ಕೊಕ್ಕು ಮಾಸಲು. ನಾಟಿ ಬಾತಿನಲ್ಲಿ ಕಾಡುಬಾತಿನ ಬಣ್ಣ ಬಂದಿದ್ದರೆ ಇನ್ನೂ ಸುಲಭ: ಗಂಡಿನ ತಲೆ ಮಿರಿಮಿರಿ ಹಸಿರು, ಕುತ್ತಿಗೆಗೆ ಬಿಳಿ ಪಟ್ಟಿ, ಹೆಣ್ಣಿನ ಕೊಕ್ಕು ಕಿತ್ತಳೆ ಮೇಲೆ ಕಪ್ಪು ಕಲೆ. ಬಿಳಿ ಪೆಕಿನ್‌ನಲ್ಲಿ ಮಾತ್ರ ಬಣ್ಣದ ಸಹಾಯ ಸೊನ್ನೆ. ಎರಡೂ ಬಿಳಿ, ಎರಡರ ಕೊಕ್ಕೂ ಕಿತ್ತಳೆ ಹಳದಿ.

ನಮ್ಮ ಕಡೆ ಭತ್ತ ಕೊಯ್ದ ಮೇಲೆ ಬಾತಿನ ಮಂದೆ ಹೊಡೆದುಕೊಂಡು ಬರುತ್ತಾರೆ. ಗದ್ದೆಯಲ್ಲಿ ಉದುರಿದ ಕಾಳು, ಹುಳು, ಬಸವನಹುಳು ಮೇಯಿಸಿ ಮುಂದೆ ಹೋಗುತ್ತಾರೆ. ನಮ್ಮ ಗದ್ದೆಯಲ್ಲಿ ಬಿಡಾರ ಹಾಕಿದವರನ್ನು ಒಮ್ಮೆ ಕೇಳಿದೆ, ಮರಿ ಕೊಳ್ಳುವಾಗ ಹೆಣ್ಣು ನೋಡಿ ಕೊಳ್ಳುತ್ತೀರಾ ಅಂತ. ಯಾರು ನೋಡುತ್ತಾರೆ ಅಂದರು. ಗಂಡು ಹೆಣ್ಣು ಒಟ್ಟಿಗೇ ಬೆಳೆಸುವುದು, ದೊಡ್ಡವಾದ ಮೇಲೆ ಹೆಚ್ಚಾದ ಗಂಡನ್ನು ಮಾಂಸಕ್ಕೆ ಮಾರುವುದು. ಆರಿಸುವುದನ್ನು ನೋಡಿದ್ದೇನೆ. ಬಲೆ ಕಟ್ಟಿದ ಮೂಲೆಗೆ ಮಂದೆ ತುಂಬಿಸಿ ಒಂದೊಂದೇ ಎತ್ತುತ್ತಾರೆ. ಕೈಯಲ್ಲಿ ಕೂಗಿದರೆ ಈ ಕಡೆ, ಬರೀ ಗೊರಗೊರ ಅಂದರೆ ಆ ಕಡೆ. ಬಾಲ ಕೊಕ್ಕು ಒಂದೂ ನೋಡಲಿಲ್ಲ.

ಸಂತೆಯಲ್ಲಿ "ಜೋಡಿ" ಅಂದಿದ್ದು ವ್ಯಾಪಾರದ ಮಾತು, ತಲೆಗೆ ಹಾಕಿಕೊಳ್ಳಬೇಡಿ.

---

ಕಾರ್ಕಳದ ಕೊಟ್ಟಿಗೆ · ಜೂನ್ 14

ನಡುವೆ ನನ್ನದೊಂದು. ನನ್ನ ಮರಿಗಳಿಗೆ ಹತ್ತು ವಾರ. ಒಂದೂ ಕ್ವಾಕ್ ಅನ್ನಲ್ಲ. ಒಂದು ಹಾವಿನ ಹಾಗೆ ಬುಸ್ ಅನ್ನುತ್ತದೆ, ಉಳಿದವು ಸಣ್ಣಗೆ ಕೊಳಲಿನ ದನಿ. ಉಗುರು ಚೂಪು, ಎರಡು ಮರಿ ರಾತ್ರಿ ಹಲಸಿನ ಮರದ ಕೊಂಬೆ ಮೇಲೆ ಕೂರುತ್ತವೆ. ಇವು ಎಲ್ಲವೂ ಗಂಡಾ?

---

ಪಶುವೈದ್ಯೆ ಹಾಸನ · ಜೂನ್ 14

ಕಾರ್ಕಳದವರೇ, ನಿಮ್ಮದು ಮಸ್ಕೋವಿ. ಬೇರೆಯೇ ಜಾತಿ, ದಕ್ಷಿಣ ಮತ್ತು ಮಧ್ಯ ಅಮೆರಿಕದ ಮೂಲ. ಮೇಲೆ ಹೇಳಿದ ಧ್ವನಿ ಪರೀಕ್ಷೆ, ಸುರುಳಿ ಗರಿ ಎರಡೂ ಇದಕ್ಕೆ ನಡೆಯಲ್ಲ. ಮಸ್ಕೋವಿ ಹೆಣ್ಣು ಕ್ವಾಕ್ ಅನ್ನುವುದೇ ಇಲ್ಲ, ಮೆಲುದನಿ. ಗಂಡು ಬುಸುಗುಡುತ್ತದೆ. ಇಲ್ಲಿ ಮಾತ್ರ ನಿಮ್ಮ ಕಣ್ಣನ್ನು ನಂಬಬಹುದು: ಗಂಡು ಹೆಚ್ಚುಕಡಿಮೆ ಹೆಣ್ಣಿನ ಎರಡು ಪಟ್ಟು ತೂಕಕ್ಕೆ ಬೆಳೆಯುತ್ತದೆ. ಹತ್ತು ವಾರಕ್ಕೇ ಕಾಲಿನ ದಪ್ಪ, ತಲೆಯ ಅಗಲ ನೋಡಿದರೆ ವ್ಯತ್ಯಾಸ ಕಾಣಬೇಕು. ಮುಖದ ಮೇಲಿನ ಕೆಂಪು ಗಂಟುಗಳು ಎರಡಕ್ಕೂ ಬರುತ್ತವೆ, ಗಂಡಿಗೆ ಜಾಸ್ತಿ.

ಮಸ್ಕೋವಿ ಗಂಡನ್ನು ಮಾಮೂಲಿ ಬಾತಿನ ಹೆಣ್ಣಿನ ಜೊತೆ ಬಿಟ್ಟರೆ ಹುಟ್ಟುವ ಮರಿಗಳು ಬಂಜೆ. ಮುಂದೆ ಸಂತಾನ ಬೇಕಿದ್ದರೆ ಬೇರೆ ಇಡಿ.

---

ಬೆಳ್ಳಕ್ಕಿ ಹಿಂಡು · ಜೂನ್ 15

ನಾನು ಬಾತು ಸಾಕಿಲ್ಲ, ಕೆರೆ ಏರಿ ಮೇಲೆ ಕೂತು ನೋಡುವವನು. ಒಂದು ಎಚ್ಚರಿಕೆ. ಈ ಪ್ರಶ್ನೆ ಕೇಳುವ ಕೆಲವರ ಹತ್ತಿರ ಇರುವುದು ಸಾಕುಬಾತಿನ ಮರಿಯೇ ಅಲ್ಲ. ಕೆರೆ ಬದಿ ಸಿಕ್ಕಿತು ಅಂತ ಮಕ್ಕಳು ತಂದ ಚುಕ್ಕೆ ಕೊಕ್ಕಿನ ಬಾತಿನ ಮರಿ. ಅದೂ ಹಳದಿ ಕಂದು ತುಪ್ಪಳದ್ದೇ, ಸಣ್ಣದರಲ್ಲಿ ನಾಟಿ ಬಾತಿನ ಮರಿಗೆ ಬಹಳ ಹತ್ತಿರ. ದೊಡ್ಡದಾದ ಮೇಲೆ ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ. ಗಂಡು ಹೆಣ್ಣು ನೋಡಲು ಒಂದೇ ತರಹ. ಅದನ್ನು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ತಾಯಿ ಹತ್ತಿರದಲ್ಲೇ ಜೊಂಡಿನಲ್ಲಿ ಅಡಗಿರುತ್ತದೆ, ಸಿಕ್ಕ ಜಾಗದಲ್ಲೇ ಬಿಟ್ಟು ದೂರ ನಿಲ್ಲಿ. ಇಲ್ಲದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಸಕಲೇಶಪುರದವರ ಮರಿ ಸಂತೆಯದ್ದು, ಅವರಿಗೆ ಅಲ್ಲ ಈ ಮಾತು.

---

ಟೆರೇಸ್ ರೈತ ಬೆಂಗಳೂರು · ಜೂನ್ 17

ರೆಕಾರ್ಡ್ ಹಾಕಿದ್ದೇನೆ ಕೇಳಿ. ನೀರಿನ ಟ್ಯಾಂಕಿನ ಹಿಂದೆ ಇಟ್ಟು ಕೂಗಿಸಿದ್ದು. ಮೂರೂ ಬೇರೆ ಬೇರೆ.

---

ಹಿತ್ತಲ ಹೇಂಟೆ · ಜೂನ್ 17

ಕೇಳಿದೆ. ಮೂರೂ ಗಂಡು. ಹೆಸರಿಟ್ಟಿದ್ದರೆ ಬದಲಾಯಿಸಿ.

---

ತೋಟದಮನೆ ಸಕಲೇಶಪುರ · ಜೂನ್ 29

ಹೊಸ ಸುದ್ದಿ. ಇಲ್ಲಿ ಮಳೆ ಹಿಡಿದಿದೆ, ಬಾತುಗಳಿಗೆ ಹಬ್ಬ. ನಿನ್ನೆ ಬೆಳಗ್ಗೆ ಗೂಡಿನ ಬಾಗಿಲು ತೆಗೆಯುವುದು ಸ್ವಲ್ಪ ತಡ ಆಯಿತು. ಒಳಗಿಂದ ಬಿಳಿಯದು ಒಂದೇ ಸಮನೆ ಕ್ವಾಕ್ ಕ್ವಾಕ್ ಕ್ವಾಕ್. ಮಳೆ ಸದ್ದಿನಲ್ಲೂ ಅಡುಗೆಮನೆವರೆಗೆ ಕೇಳಿಸಿತು. ನಮ್ಮಪ್ಪನ ಪಕ್ಷ ಸೋತ ಹಾಗಾಯಿತು.

ಕಂದು ಬಣ್ಣದ್ದು ಮಾತ್ರ ಇನ್ನೂ ಅಡ್ಡಾದಿಡ್ಡಿ. ಒಂದು ಸಲ ಪೀ, ಒಂದು ಸಲ ಒಡಕು. ಇದು ಗಂಡಿರಬೇಕು ಅಲ್ವಾ?

---

ಹಿತ್ತಲ ಹೇಂಟೆ · ಜೂನ್ 29

ಒಂದು ಕೂಗಿತು, ಇನ್ನೊಂದು ಕೂಗಲಿಲ್ಲ, ಹಾಗಾಗಿ ಅದು ಗಂಡು ಅಂತ ಲೆಕ್ಕ ಹಾಕಬೇಡಿ. ಒಂದೇ ದಿನ ಹುಟ್ಟಿದವೂ ಒಂದೇ ದಿನ ಧ್ವನಿ ಒಡೆಯಲ್ಲ, ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತದೆ. ಒಡೆಯುವ ಹೊತ್ತಿಗೆ ಹೆಣ್ಣಿನದೂ ಒಡಕಾಗಿಯೇ ಬರುತ್ತದೆ. ಸಂತೆ ಮರಿಗೆ ವಯಸ್ಸೂ ಖಚಿತ ಇಲ್ಲ. ಕ್ವಾಕ್ ಅಂದರೆ ಹೆಣ್ಣು, ಅದು ಮುಗಿದ ಮಾತು. ಅನ್ನದಿದ್ದರೆ ಹತ್ತು ಹನ್ನೆರಡು ವಾರದವರೆಗೆ ಬಾಯಿ ಮುಚ್ಚಿ ಕೂರಬೇಕು. ನೀವು, ಬಾತಲ್ಲ.

---

ಪಶುವೈದ್ಯೆ ಹಾಸನ · ಜೂನ್ 30

ಮಳೆ ಅಂದಿರಲ್ಲ, ಲಿಂಗಕ್ಕೆ ಸಂಬಂಧ ಇಲ್ಲದ ಎರಡು ಮಾತು. ಬೂಸ್ಟು ಹಿಡಿದ ಜೋಳ, ಕಡಲೆ ಹಿಂಡಿ ಬಾತಿಗೆ ಹಾಕಬೇಡಿ. ಬೂಸ್ಟಿನ ವಿಷ ಕೋಳಿಗಿಂತ ಬಾತಿನ ಮರಿಗೆ ಬೇಗ ತಗಲುತ್ತದೆ, ಲಿವರ್ ಹೋಗುತ್ತದೆ. ಶಂಖದ ಹುಳುವಿಗೆ ತೋಟದಲ್ಲಿ ಮೆಟಾಲ್ಡಿಹೈಡ್ ಗುಳಿಗೆ ಹಾಕಿದ್ದರೆ ಬಾತನ್ನು ಆ ಕಡೆ ಬಿಡಲೇಬೇಡಿ. ಗುಳಿಗೆ ತಿಂದರೂ ಕಷ್ಟ, ಗುಳಿಗೆ ತಿಂದ ಹುಳು ತಿಂದರೂ ಕಷ್ಟ.

---

ತೋಟದಮನೆ ಸಕಲೇಶಪುರ · ಜುಲೈ 15

ಕಂದು ಬಣ್ಣದ್ದೂ ಕ್ವಾಕ್ ಅಂದಿದೆ! ಬಿಳಿಯದಕ್ಕಿಂತ ಸಣ್ಣ ದನಿ, ಆದರೆ ಸ್ಪಷ್ಟ. ಡಾಕ್ಟ್ರೇ, ಗುಳಿಗೆ ಹಾಕಿಲ್ಲ, ಈ ವರ್ಷ ಹಾಕುವುದೂ ಇಲ್ಲ. ಹಾಗಾದರೆ ಎರಡೂ ಹೆಣ್ಣು. ಮಕ್ಕಳಿಗೆ ಹೇಳಿದೆ, ಅವರು ಇನ್ನೂ ನಂಬಿಲ್ಲ.

---

ತೋಟದಮನೆ ಸಕಲೇಶಪುರ · ಆಗಸ್ಟ್ 21

ಮತ್ತೆ ಬಂದೆ, ಗೊಂದಲದ ಜೊತೆ. ನೀರಿನ ತೊಟ್ಟಿಯಲ್ಲಿ ಎರಡೂ ತಲೆ ಮೇಲೆ ಕೆಳಗೆ ಆಡಿಸುತ್ತಾ ಸುತ್ತುತ್ತಿದ್ದವು. ಆಮೇಲೆ ಕಂದು ಬಣ್ಣದ್ದು ಬಿಳಿಯದರ ಕುತ್ತಿಗೆ ಗರಿ ಕಚ್ಚಿ ಹಿಡಿದು ಮೇಲೆ ಹತ್ತಿತು. ಒಂದು ಸಲ ಅಲ್ಲ, ದಿನಾ. ಮಕ್ಕಳು "ನಾವು ಹೇಳಲಿಲ್ವಾ, ಅದು ಗಂಡು" ಅಂತ ಕುಣಿಯುತ್ತಿದ್ದಾರೆ. ಈಗ ಏನು ಹೇಳುತ್ತೀರಿ?

---

ಮೈಸೂರು ಮೊಮ್ಮಗ · ಆಗಸ್ಟ್ 21

ಇನ್ನೇನು ಬೇಕು ಸಾಕ್ಷಿ? ಗಂಡು. ಉಂಗುರ ಆಡಿಸಿದ್ದರೆ ಮೊದಲೇ ಹೇಳುತ್ತಿತ್ತು.

---

ಪಶುವೈದ್ಯೆ ಹಾಸನ · ಆಗಸ್ಟ್ 22

ಹೆಣ್ಣೇ. ಹೆಣ್ಣು ಬಾತುಗಳು ಒಂದರ ಮೇಲೊಂದು ಹತ್ತುವುದು ಮಾಮೂಲಿ, ಅದರಲ್ಲೂ ಮೊಟ್ಟೆ ಇಡುವ ವಯಸ್ಸು ಹತ್ತಿರ ಬಂದಾಗ, ಗುಂಪಿನಲ್ಲಿ ಗಂಡು ಇಲ್ಲದಾಗ. ಯಾರು ಮೇಲು ಅನ್ನುವ ಲೆಕ್ಕಾಚಾರವೂ ಅದರಲ್ಲಿ ಇರುತ್ತದೆ. ತಲೆ ಆಡಿಸುವುದಂತೂ ಗಂಡು ಹೆಣ್ಣು ಎರಡೂ ಮಾಡುತ್ತವೆ. ಹಸುಗಳೂ ಬೆದೆಗೆ ಬಂದಾಗ ಒಂದರ ಮೇಲೊಂದು ಹತ್ತುವುದನ್ನು ಮಲೆನಾಡಿನವರಿಗೆ ನಾನು ಹೇಳಬೇಕಾ?

ಇಂಥ ಕಡೆಯೇ ಯಾವ ಸಾಕ್ಷಿ ದೊಡ್ಡದು ಅಂತ ನೋಡಬೇಕು. ನಡವಳಿಕೆ ದಿನಕ್ಕೊಂದು ತರಹ. ಕ್ವಾಕ್ ಅನ್ನುವ ಧ್ವನಿ ಎದೆಯೊಳಗಿನ ರಚನೆಯಿಂದ ಬರುವುದು. ನಿಮ್ಮ ಕಂದು ಬಾತಿಗೆ ಈಗ ಮೂರೂವರೆ ತಿಂಗಳು ಆಗಿರಬೇಕು. ತಲೆ ಕಂಚಿನ ಬಣ್ಣಕ್ಕೆ ತಿರುಗಿದೆಯಾ? ಕೊಕ್ಕು ಹಸಿರಾಗಿದೆಯಾ? ನೋಡಿ ಹೇಳಿ.

---

ತೋಟದಮನೆ ಸಕಲೇಶಪುರ · ಆಗಸ್ಟ್ 22

ಇಲ್ಲ, ತಲೆಯಿಂದ ಬಾಲದವರೆಗೆ ಒಂದೇ ಖಾಕಿ. ಹತ್ತಿರದಿಂದ ನೋಡಿದರೆ ಬೆನ್ನಿನ ಪ್ರತಿ ಗರಿಯ ಅಂಚಿಗೂ ಸಣ್ಣ ತಿಳಿ ಗೆರೆ ಇದೆ. ಕೊಕ್ಕು ಬೂದಿ ಕಪ್ಪು. ಬಾಲದ ಗರಿ ನೆಟ್ಟಗೆ.

---

ಗಂಗಾವತಿ ಗದ್ದೆ · ಆಗಸ್ಟ್ 22

ಹೆಣ್ಣು. ಮಕ್ಕಳಿಗೆ ನನ್ನ ಪರವಾಗಿಯೂ ಹೇಳಿ.

ಡಾಕ್ಟ್ರೇ, ನನ್ನದೊಂದು ಪ್ರಶ್ನೆ. ನಮ್ಮ ಪರಿಚಯದವರ ಮನೆಯಲ್ಲಿ ವರ್ಷಗಟ್ಟಲೆ ಮೊಟ್ಟೆ ಇಟ್ಟ ಹೆಣ್ಣು ಬಾತಿಗೆ ಮುದಿತನದಲ್ಲಿ ತಲೆ ಹಸಿರಾಗಿ ಬಾಲಕ್ಕೆ ಸುರುಳಿ ಗರಿ ಬಂದಿತ್ತು. ಮೊಟ್ಟೆ ನಿಂತಿತ್ತು. ಹೀಗೆ ಆಗುತ್ತದಾ, ಅಥವಾ ಬಾತು ಅದಲುಬದಲಾಗಿದೆಯಾ?

---

ಪಶುವೈದ್ಯೆ ಹಾಸನ · ಆಗಸ್ಟ್ 23

ಆಗುತ್ತದೆ. ಹೆಣ್ಣು ಬಾತಿಗೆ ಕೆಲಸ ಮಾಡುವ ಅಂಡಾಶಯ ಎಡಗಡೆ ಒಂದೇ. ಬಾತಿನಲ್ಲಿ ಹೆಣ್ಣಿನ ಮಾಸಲು ಬಣ್ಣ ಬರುವುದು ಹೆಣ್ಣು ಹಾರ್ಮೋನಿನಿಂದ. ಮುಪ್ಪಿನಿಂದಲೋ ರೋಗದಿಂದಲೋ ಆ ಅಂಡಾಶಯ ಕೆಟ್ಟರೆ ಹಾರ್ಮೋನ್ ನಿಲ್ಲುತ್ತದೆ, ಮುಂದಿನ ಸಲ ಗರಿ ಉದುರಿ ಬಂದಾಗ ಗಂಡಿನ ಬಣ್ಣ ಬರುತ್ತದೆ, ಸುರುಳಿಯೂ ಬರಬಹುದು. ಅವರನ್ನು ಕೇಳಿ ನೋಡಿ, ಅದು ಕೂಗುವುದು ಕ್ವಾಕ್ ಅಂತಲೇ ಇದ್ದಿರಬೇಕು.

---

ಗಂಗಾವತಿ ಗದ್ದೆ · ಆಗಸ್ಟ್ 24

ಕೇಳಿದೆ. ಕೊನೆವರೆಗೂ ಕ್ವಾಕ್ ಅನ್ನುತ್ತಿತ್ತಂತೆ. ಬಣ್ಣ ನೋಡಿ ಗಂಡಾಯಿತು ಅಂತ ಊರವರೆಲ್ಲ ನೋಡಲು ಬಂದಿದ್ದರಂತೆ.

---

ತೋಟದಮನೆ ಸಕಲೇಶಪುರ · ಅಕ್ಟೋಬರ್ 9

ಖಾಕಿ ಬಾತು ಮೊಟ್ಟೆ ಇಟ್ಟಿದೆ. ಗೂಡಿನ ಮೂಲೆಯ ಹುಲ್ಲಲ್ಲಿ, ಕೋಳಿಮೊಟ್ಟೆಗಿಂತ ದೊಡ್ಡದು, ಮೇಣ ಹಚ್ಚಿದ ಹಾಗೆ ನುಣುಪು. ಮಕ್ಕಳ ಬಾಯಿ ಮುಚ್ಚಿದೆ. ಬಿಳಿಯದು ಇನ್ನೂ ಇಟ್ಟಿಲ್ಲ. ಹತ್ತಿರ ಬಂದಿದೆಯಾ ಅಂತ ತಿಳಿಯಲು ಏನಾದರೂ ಉಪಾಯ ಇದೆಯಾ?

---

ಹಿತ್ತಲ ಹೇಂಟೆ · ಅಕ್ಟೋಬರ್ 9

ಶುಭವಾಗಲಿ! ಖಾಕಿ ಕ್ಯಾಂಪ್‌ಬೆಲ್ ಐದು ತಿಂಗಳಿಗೇ ಶುರು ಮಾಡುತ್ತದೆ. ಒಳ್ಳೆಯ ತಳಿ, ಒಳ್ಳೆಯ ಮೇವು ಇದ್ದರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ. ಸಂತೆ ಮರಿಯಲ್ಲಿ ಅಷ್ಟು ನಿರೀಕ್ಷೆ ಬೇಡ. ಪೆಕಿನ್ ಸ್ವಲ್ಪ ತಡ.

ಉಪಾಯ ಇದೆ. ಬಾತನ್ನು ತೊಡೆ ಮೇಲೆ ಕೂರಿಸಿಕೊಂಡು ಬಾಲದ ಕೆಳಗೆ, ದ್ವಾರದ ಎರಡು ಬದಿ ಇರುವ ಚೂಪು ಎಲುಬನ್ನು ಮುಟ್ಟಿ ನೋಡಿ. ನಡುವೆ ಒಂದು ಬೆರಳೂ ಹಿಡಿಯದಿದ್ದರೆ ಇನ್ನೂ ಸಮಯ ಇದೆ. ಎರಡು ಮೂರು ಬೆರಳು ಹಿಡಿದರೆ ಇಟ್ಟಿದೆ ಅಥವಾ ಇಡಲಿದೆ. ಖಾಕಿಯದನ್ನು ಮೊದಲು ಮುಟ್ಟಿ, ಆಮೇಲೆ ಬಿಳಿಯದನ್ನು ಮುಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು. ಬಾತು ಮೊಟ್ಟೆ ಇಡುವುದು ನಸುಕಿನಲ್ಲಿ. ಬೆಳಗ್ಗೆ ಆರಕ್ಕೇ ಬಿಟ್ಟರೆ ತೋಟದಲ್ಲೋ ಹಳ್ಳದಲ್ಲೋ ಇಟ್ಟು ಬರುತ್ತವೆ. ಎಂಟು ಒಂಬತ್ತರವರೆಗೆ ಗೂಡಲ್ಲೇ ಇರಲಿ. ಬಿಳಿಯದು ಈಗಾಗಲೇ ಎಲ್ಲೋ ಇಡುತ್ತಿದ್ದರೂ ಆಶ್ಚರ್ಯ ಇಲ್ಲ.

---

ತೋಟದಮನೆ ಸಕಲೇಶಪುರ · ಅಕ್ಟೋಬರ್ 12

ಎಲುಬು ಮುಟ್ಟಿ ನೋಡಿದೆ, ಬಿಳಿಯದಕ್ಕೂ ಮೂರು ಬೆರಳು. ಕಾಫಿ ಗಿಡದ ಬುಡದಲ್ಲಿ ತರಗೆಲೆ ಕೆಳಗೆ ಬಿಳಿ ಮೊಟ್ಟೆಗಳ ರಾಶಿಯೇ ಸಿಕ್ಕಿತು. ಯಾವತ್ತಿನವೋ ಗೊತ್ತಿಲ್ಲ, ತಿನ್ನಲು ಧೈರ್ಯ ಬರಲಿಲ್ಲ. ಇವತ್ತಿನಿಂದ ತಡವಾಗಿ ಬಿಡುತ್ತಿದ್ದೇವೆ.

---

ಟೆರೇಸ್ ರೈತ ಬೆಂಗಳೂರು · ಅಕ್ಟೋಬರ್ 12

ಅಭಿನಂದನೆ ಸಾರ್. ನನ್ನ ಮೂವರಿಗೂ ಸುರುಳಿ ಬಂದಿದೆ, ಚೆನ್ನಾಗಿ ಬಂದಿದೆ. ನಿಮ್ಮ ಹತ್ತಿರ ಗಂಡಿಲ್ಲ, ನನ್ನ ಹತ್ತಿರ ಹೆಣ್ಣಿಲ್ಲ. ಮೂರನ್ನೂ ಕಳಿಸಲಾ? ಸಕಲೇಶಪುರಕ್ಕೆ ನಾನೇ ತಂದು ಬಿಡುತ್ತೇನೆ, ಒಂದು ರಾತ್ರಿ ಉಳಿಯಲು ಜಾಗ ಕೊಟ್ಟರೆ ಸಾಕು.

---

ಹಿತ್ತಲ ಹೇಂಟೆ · ಅಕ್ಟೋಬರ್ 12

ತೋಟದಮನೆಯವರೇ, ಒಪ್ಪಬೇಡಿ. ಒಂದು ಗಂಡಿಗೆ ಐದಾರು ಹೆಣ್ಣು ಬೇಕು. ಎರಡು ಹೆಣ್ಣಿಗೆ ಮೂರು ಗಂಡು ಬಿಟ್ಟರೆ ವಾರದಲ್ಲಿ ಹೆಣ್ಣುಗಳ ಕುತ್ತಿಗೆ ಹಿಂದೆ ಗರಿ ಉಳಿಯಲ್ಲ, ನೀರಲ್ಲಿ ಮುಳುಗಿಸಿ ಸಾಯಿಸುವುದೂ ಉಂಟು. ಒಂದೇ ಗಂಡು ಇಟ್ಟರೂ ಎರಡು ಹೆಣ್ಣಿಗೆ ಅತಿಯಾಗುತ್ತದೆ. ಹೆಣ್ಣು ಸಾಲದಿದ್ದರೆ ಕೋಳಿ ಹೇಂಟೆಗಳ ಮೇಲೂ ಹೋಗುತ್ತವೆ, ಕೋಳಿಯ ಒಳಭಾಗಕ್ಕೆ ಗಾಯ ಆಗುತ್ತದೆ. ನಿಮ್ಮಲ್ಲಿ ಕೋಳಿಯೂ ಇದೆ ಅಂದಿದ್ದಿರಿ.

ಟೆರೇಸ್ ಅಣ್ಣಾ, ಮೂರು ಗಂಡು ಒಟ್ಟಿಗೆ ಬೆಳೆದಿದ್ದರೆ, ಹೆಣ್ಣು ಕಣ್ಣಿಗೆ ಬೀಳದಿದ್ದರೆ, ಸುಮ್ನೆ ಇರುತ್ತವೆ. ನಿಮ್ಮ ಕೆಳಗಿನ ಮನೆಯವರಿಗೂ ಅದೇ ಅನುಕೂಲ.

---

ತೋಟದಮನೆ ಸಕಲೇಶಪುರ · ಅಕ್ಟೋಬರ್ 13

ಟೆರೇಸ್ ಸಾರ್, ನೀವು ಬನ್ನಿ, ಗಂಡುಗಳನ್ನು ಅಲ್ಲೇ ಬಿಟ್ಟು ಬನ್ನಿ. ಗಂಡಿಲ್ಲದಿದ್ದರೂ ಮೊಟ್ಟೆ ಬರುತ್ತಿದೆಯಲ್ಲ, ನಮಗೆ ಸಾಕು. ಮುಂದೆ ಮರಿ ಬೇಕು ಅನಿಸಿದರೆ ಯಾರ ಹತ್ತಿರವಾದರೂ ಗಂಡಿರುವ ಮಂದೆಯ ಮೊಟ್ಟೆ ತಂದು ನಮ್ಮ ನಾಟಿ ಹೇಂಟೆ ಕೆಳಗೆ ಇಡುತ್ತೇನೆ. ಆಗುತ್ತದೆ ತಾನೇ?

---

ಹಿತ್ತಲ ಹೇಂಟೆ · ಅಕ್ಟೋಬರ್ 13

ಚೆನ್ನಾಗಿ ಆಗುತ್ತದೆ. ಖಾಕಿ ಕ್ಯಾಂಪ್‌ಬೆಲ್ ತಾನಾಗಿ ಕಾವಿಗೆ ಕೂರುವುದು ಅಪರೂಪ, ನಾಟಿ ಹೇಂಟೆಯೇ ವಾಸಿ. ಮೊಟ್ಟೆ ದೊಡ್ಡದು, ಹೇಂಟೆ ಸಣ್ಣದಿದ್ದರೆ ಆರೇಳಕ್ಕಿಂತ ಜಾಸ್ತಿ ಇಡಬೇಡಿ. ಕೋಳಿಗೆ 21 ದಿನ, ಬಾತಿಗೆ 28. ಮೂರು ವಾರ ಕಳೆದ ಮೇಲೆ ಹೇಂಟೆಗೆ ಬೇಸರ ಬಂದು ಏಳಬಹುದು, ಹಾಗಾಗಿ ಮೇವು ನೀರು ಅದರ ಹತ್ತಿರವೇ ಇಡಿ. ಕೊನೆಯ ಹತ್ತು ದಿನ ಮೊಟ್ಟೆಗೆ ಉಗುರು ಬೆಚ್ಚಗಿನ ನೀರು ಸ್ವಲ್ಪ ಚಿಮುಕಿಸಿ. ಮರಿ ಆದ ಮೇಲೆ ಇಲ್ಲಿ ಫೋಟೋ ಹಾಕಿ ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ, ಎಂಟು ವಾರ ಬಿಟ್ಟು ರೆಕಾರ್ಡ್ ಹಾಕಿ.